ಒಂದು ಗೇಣಿನ ಹದಿನಾಲ್ಕು ಅಂತಸ್ತು

ನಾನು ಒಂದು ಕಟ್ಟಡ. ಹದಿನಾಲ್ಕು ಅಂತಸ್ತಿನದು. ಎತ್ತರ ಒಂದು ಗೇಣು.

ನಗಬೇಡಿ. ನನ್ನನ್ನು ನೋಡಿ ನಕ್ಕವರೆಲ್ಲ ಆಮೇಲೆ ಬಗ್ಗಿ, ಕಣ್ಣು ಕಿರಿದು ಮಾಡಿಕೊಂಡು ನನ್ನ ಕಿಟಕಿಗಳನ್ನು ಎಣಿಸಿದ್ದಾರೆ. ದೊಡ್ಡ ಕಟ್ಟಡ ಕಟ್ಟುವ ಮೊದಲು ಅದು ಬೀದಿಯಲ್ಲಿ ಹೇಗೆ ನಿಲ್ಲುತ್ತದೆ, ಅಕ್ಕಪಕ್ಕದ ಮನೆಗಳ ಜೊತೆ ಹೊಂದಿಕೊಳ್ಳುತ್ತದೋ ಇಲ್ಲವೋ ಎಂದು ನೋಡುವುದಕ್ಕೆ ಮರದಲ್ಲಿ ಒಂದು ಮಾದರಿ ಮಾಡುತ್ತಾರಲ್ಲ, ಅದೇ ನಾನು. ಈಗ ವಯಸ್ಸಾಗಿದೆ. ಮೈ ಕಪ್ಪಾಗಿದೆ, ಒಂದು ಮೂಲೆ ಸವೆದಿದೆ. ಕೆಲಸ ಮಾತ್ರ ಇನ್ನೂ ಬಿಟ್ಟಿಲ್ಲ. ಅದೇನು ಕೆಲಸ ಎಂದು ಕೊನೆಗೆ ಹೇಳುತ್ತೇನೆ. ಈಗಲೇ ಹೇಳಿದರೆ ನೀವು ಮತ್ತೆ ನಗುತ್ತೀರಿ.

ಎತ್ತರದ ಆಸೆ ನನಗೆ ಮೊದಲಿನಿಂದ ಇದ್ದದ್ದಲ್ಲ. ನಾನು ಹಲಸಿನ ಮರ. ಬೆಂಗಳೂರಿನ ಪೇಟೆಯೊಳಗೆ ಗಾಣದ ಗಲ್ಲಿ ಎಂಬ ಗಲ್ಲಿಯಲ್ಲಿ, ಒಂದು ಎಣ್ಣೆ ಗಾಣದ ಮನೆಗೆ ಅರವತ್ತು ವರ್ಷ ಹೊಸ್ತಿಲಾಗಿ ಮಲಗಿದ್ದೆ. ಯಾರೂ ನನ್ನನ್ನು ತುಳಿಯುತ್ತಿರಲಿಲ್ಲ, ದಾಟುತ್ತಿದ್ದರು. ಶುಕ್ರವಾರಕ್ಕೊಮ್ಮೆ ಅರಿಸಿನ ಕುಂಕುಮ. ಉಳಿದ ದಿನಗಳಲ್ಲಿ ಡಬ್ಬಗಳಿಂದ ಚೆಲ್ಲಿದ ಕಡಲೆಕಾಯಿ ಎಣ್ಣೆ. ಆ ಎಣ್ಣೆ ಕುಡಿದು ಕುಡಿದು ನಾನು ಕಲ್ಲಿನ ಹಾಗೆ ಗಟ್ಟಿಯಾದೆ. ಅಲ್ಲಿಂದ ನನಗೆ ಕಾಣುತ್ತಿದ್ದದ್ದು ಪಾದಗಳು, ಸೀರೆಯ ಅಂಚುಗಳು, ಮತ್ತು ಎದುರು ಸಾಲಿನ ಮನೆಗಳ ಜಗಲಿಗಳು. ಗಲ್ಲಿಯ ಕೊನೆಯಲ್ಲಿ ಒಂದು ಪುಟ್ಟ ಆಂಜನೇಯನ ಗುಡಿ. ಅದರ ಗಂಟೆ ಕೇಳುತ್ತಿತ್ತು, ಗುಡಿ ಕಾಣುತ್ತಿರಲಿಲ್ಲ. ಆಗ ಅದನ್ನು ಒಮ್ಮೆ ನೋಡಿಟ್ಟುಕೊಂಡಿದ್ದರೆ ಮುಂದೆ ನನ್ನ ಮೈಮೇಲೆ ಗರಗಸ ಓಡುತ್ತಿರಲಿಲ್ಲವೇನೋ.

ಗಾಣದ ಯಜಮಾನರು ಗುರುಸಿದ್ದಪ್ಪ ಸಾಹುಕಾರರು. ಗಾಣ ನಿಂತುಹೋದ ಮೇಲೆ ಅವರು ಆ ಜಾಗದಲ್ಲಿ ದೊಡ್ಡ ಕಟ್ಟಡವೊಂದನ್ನು ಎಬ್ಬಿಸುವ ಮನಸ್ಸು ಮಾಡಿದರು. ಮೇಲೆ ಮನೆಗಳು, ಕೆಳಗೆ ಅಂಗಡಿಗಳು. ನಕ್ಷೆ ಬರೆಯಲು ಇಂದುಮತಿ ಎಂಬ ಆರ್ಕಿಟೆಕ್ಟನ್ನು ಕರೆದರು. ಆಕೆಗೆ ಆಗ ಮೂವತ್ತೆರಡೋ ಮೂವತ್ಮೂರೋ. ಹೆಗಲಿಗೆ ಒಂದು ಬಟ್ಟೆ ಚೀಲ, ಕಾಲಿಗೆ ಗಂಡಸರ ಹಾಗೆ ದಪ್ಪ ಚಪ್ಪಲಿ. ಅವರ ಜೊತೆ ಬಂದವರು ಕಾಳಾಚಾರ್, ಮರದ ಮಾದರಿ ಮಾಡುವವರು. ಅವರಪ್ಪ, ತಾತ ಎಲ್ಲ ದೇವಸ್ಥಾನದ ಬಾಗಿಲು ಕೆತ್ತಿದವರು. ಆ ಹೆಮ್ಮೆ ಆಚಾರರ ಮೀಸೆಯಲ್ಲೇ ಗೊತ್ತಾಗುತ್ತಿತ್ತು.

ಗಾಣದ ಮನೆ ಕೆಡವಿದ ಮಣ್ಣಿನ ಮಧ್ಯೆ ಬಿದ್ದಿದ್ದ ನನ್ನ ಮುಂದೆ ಆಚಾರರು ಕುಕ್ಕರಗಾಲಲ್ಲಿ ಕೂತು, ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟಿ, ಕಿವಿಯಿಟ್ಟು ಕೇಳಿದರು.

"ಎಣ್ಣೆ ಕುಡ್ದಿರೋ ಮರ ಅಮ್ಮಾವ್ರೇ. ಗೆದ್ದಲು ಹತ್ರಕ್ಕೂ ಬರಲ್ಲ. ಕಟ್ಟಡಕ್ಕೆ ಇದೇ ಇರ್ಲಿ. ಅದೇ ಜಾಗದ್ದು, ಅದೇ ಜಾಗದಲ್ಲಿ ನಿಲ್ಲಲಿ."

ಆಹಾ, ಆ ಮಾತು! ಅರವತ್ತು ವರ್ಷ ಮಲಗಿದ್ದವನಿಗೆ ನಿಲ್ಲು ಎಂದರೆ ಹೇಗಾಗಬೇಡ? ಆಚಾರರು ನನ್ನನ್ನು ಹೆಗಲ ಮೇಲೆ ಹೊತ್ತುಕೊಂಡು ತಮ್ಮ ಕಾರ್ಖಾನೆಗೆ ಹೋದರು. ಕಾರ್ಖಾನೆ ಎಂದರೆ ಮನೆಯ ಹಿಂದಿನ ಶೀಟಿನ ಚಪ್ಪರ. ಒಂದು ರೇಡಿಯೋ, ಒಂದು ಉದ್ದನೆ ಮೇಜು, ಮೊಣಕಾಲುವರೆಗೆ ಮರದ ಹೊಟ್ಟು. ಅಲ್ಲಿ ಹದಿನೈದು ದಿನ ನನ್ನನ್ನು ಕೊಯ್ದರು, ಉಜ್ಜಿದರು, ಕಿಟಕಿಗಳನ್ನು ಕೊರೆದರು. ಒಂದು ಗೇಣು ಎತ್ತರ, ನಾಲ್ಕು ಬೆರಳು ಅಗಲ, ಎರಡು ಬೆರಳು ದಪ್ಪ. ಕೈ ಹಾಕಿದ ಕೂಡಲೇ ನನ್ನ ಮೈಯಿಂದ ಕಡಲೆಕಾಯಿ ಎಣ್ಣೆಯ ವಾಸನೆ ಏಳುತ್ತಿತ್ತಂತೆ. "ನೋಡಿ, ಇನ್ನೂ ಗಾಣದ ನೆನಪು ಬಿಟ್ಟಿಲ್ಲ ಇವ್ನು" ಎಂದು ಆಚಾರರು ಹೆಂಡತಿಗೆ ಹೇಳಿ ನಗುತ್ತಿದ್ದರು. ಇಷ್ಟು ವರ್ಷವಾದರೂ ಆ ನಗು, ಆ ಹೊಟ್ಟಿನ ವಾಸನೆ, ರೇಡಿಯೋದ ಕರಕರ, ಯಾವುದೂ ನನ್ನಿಂದ ಹೋಗಿಲ್ಲ. ನಾನು ಅತ್ಯಂತ ಸುಖವಾಗಿದ್ದದ್ದು ಅಲ್ಲೇ.

ನಾನು ಮುಗಿದ ಮೇಲೆ ಆಚಾರರು ಇಡೀ ಗಾಣದ ಗಲ್ಲಿಯನ್ನು ಒಂದು ಹಲಗೆಯ ಮೇಲೆ ಕಟ್ಟಿದರು. ಒಂದೊಂದು ಮನೆಯೂ ಬೆಂಕಿಪೊಟ್ಟಣದಷ್ಟು. ಯಾವ ಮನೆಗೆ ಮಾಳಿಗೆ, ಯಾವುದಕ್ಕೆ ಹೆಂಚು, ಎಲ್ಲಿ ಮೆಟ್ಟಿಲು, ಒಂದನ್ನೂ ಬಿಡಲಿಲ್ಲ. ಒಂದು ಸಾಲಿನಲ್ಲಿ ಮನೆಗಳು, ನಡುವೆ ಗಲ್ಲಿ, ಈಚೆ ಬದಿಗೆ ನನ್ನ ಜಾಗ, ನನ್ನ ಬೆನ್ನಿಗೆ ಹಳೆಯ ಗೋಡೌನುಗಳು, ಅವುಗಳ ಹಿಂದೆ ದೊಡ್ಡ ರಸ್ತೆ. ಗಲ್ಲಿಯ ತುದಿಗೆ ಕಡಲೆಕಾಳಿನಷ್ಟು ಗೋಪುರವಿಟ್ಟು ಆಂಜನೇಯನ ಗುಡಿ.

ಒಂದೇ ಒಂದು ಉಳಿದಿತ್ತು. ಉತ್ತರ ದಿಕ್ಕು ತೋರಿಸುವ ಬಾಣದ ಗುರುತು. ಅಳತೆಯ ಹಳೆಯ ನಕ್ಷೆಯಲ್ಲಿ ಆ ಗುರುತಿದ್ದ ಮೂಲೆ ಮಡಿಕೆಯಲ್ಲಿ ಹರಿದುಹೋಗಿತ್ತು. ಇಂದುಮತಿ ಗಲ್ಲಿಯನ್ನು ಅಳೆದದ್ದು ಜುಲೈ ತಿಂಗಳ ಮೋಡದ ದಿನಗಳಲ್ಲಿ. ಒಂದು ದಿನವೂ ಸೂರ್ಯನ ಮುಖ ಕಂಡಿರಲಿಲ್ಲ.

"ಬಾಣ ಎಲ್ಲಿಗೆ ಇಡ್ತೀರಿ ಆಚಾರ್ರೇ? ಒಂದು ಸಲ ಹೋಗಿ ನೋಡ್ಕೊಂಡು ಬರೋಣ್ವಾ?" ಎಂದರು ಇಂದುಮತಿ.

"ಇದಕ್ಕೂ ಹೋಗ್ಬೇಕಾ ಅಮ್ಮಾವ್ರೇ? ಗುಡಿ ಇದೆಯಲ್ಲ. ನಾಲ್ಕು ತಲೆಮಾರಿಂದ ದೇವ್ರ ಬಾಗ್ಲು ಮಾಡಿದೋರು ನಾವು. ದೇವ್ರು ಪೂರ್ವಕ್ಕೆ ನೋಡ್ದೆ ಇನ್ನೆಲ್ಲಿ ನೋಡ್ತಾನೆ?"

ಆಚಾರರು ಗುಡಿಯ ಮುಖವನ್ನು ಪೂರ್ವವೆಂದು ಹಿಡಿದು, ಅದಕ್ಕೆ ತಕ್ಕಂತೆ ಬಾಣವನ್ನು ಅಂಟಿಸಿಬಿಟ್ಟರು. ಅಂಟು ಒಣಗುವವರೆಗೆ ಹೆಬ್ಬೆರಳಲ್ಲಿ ಒತ್ತಿ ಹಿಡಿದರು. ನಾನೂ ಸುಮ್ಮನಿದ್ದೆ. ನನಗೇನು ಗೊತ್ತು, ನಾನು ಗುಡಿಯನ್ನು ಕಂಡವನೇ ಅಲ್ಲ.

ಇಂದುಮತಿಯವರ ಕಚೇರಿ ಒಂದು ಮುದ್ರಣಾಲಯದ ಮೇಲಿತ್ತು. ಕೆಳಗೆ ಯಂತ್ರ ಓಡಿದಾಗಲೆಲ್ಲ ನನ್ನ ಇಡೀ ಗಲ್ಲಿಗೆ ಸಣ್ಣ ಭೂಕಂಪ. ಡಿಸೆಂಬರಿನ ಒಂದು ಮಧ್ಯಾಹ್ನ ಅವರು ನನ್ನನ್ನು ಹಲಗೆ ಸಮೇತ ತಾರಸಿಗೆ ಒಯ್ದು, ದಿಕ್ಸೂಚಿ ನೋಡಿ ಬಾಣವನ್ನು ಉತ್ತರಕ್ಕೆ ಸರಿಮಾಡಿ ಬಿಸಿಲಿಗಿಟ್ಟರು. ಬೇಸಿಗೆಯಲ್ಲಿ ಸೂರ್ಯ ನೆತ್ತಿಯ ಮೇಲಿರುತ್ತಾನೆ, ನೆರಳು ಕಾಲಬುಡದಲ್ಲೇ ಮುದುಡಿರುತ್ತದೆ. ಚಳಿಗಾಲದಲ್ಲಿ ಅವನು ದಕ್ಷಿಣಕ್ಕೆ ವಾಲುತ್ತಾನೆ, ನೆರಳು ಉತ್ತರಕ್ಕೆ ಉದ್ದವಾಗಿ ಚಾಚುತ್ತದೆ. ಎತ್ತರದ ಕಟ್ಟಡದ ಗುಣ ಗೊತ್ತಾಗುವುದು ಚಳಿಗಾಲದಲ್ಲೇ ಎನ್ನುತ್ತಿದ್ದರು ಅವರು. ನನ್ನ ನೆರಳು ಬೆನ್ನ ಹಿಂದಿನ ಗೋಡೌನುಗಳ ಮೇಲೆ ಬಿತ್ತು. ಗೋಡೌನಿಗೆ ಬಿಸಿಲೇಕೆ? ಸಾಹುಕಾರರು ಸಂತೋಷದಿಂದ ತೊಡೆ ತಟ್ಟಿಕೊಂಡರು. ನನ್ನ ಜಂಬವನ್ನಂತೂ ಕೇಳಲೇಬೇಡಿ. ಎದೆಯುಬ್ಬಿಸಿಕೊಂಡು ಆ ಬೆಂಕಿಪೊಟ್ಟಣದ ಮನೆಗಳನ್ನು ಮೇಲಿನಿಂದ ನೋಡುತ್ತಿದ್ದೆ. ಯಾರ ಕಾಲಬುಡದಲ್ಲಿ ಬೆಳೆದೆನೋ ಅವರನ್ನೇ!

ಸಂಕ್ರಾಂತಿ ಕಳೆದ ಕೂಡಲೇ ಗುದ್ದಲಿ ಪೂಜೆ ಎಂದು ಸಾಹುಕಾರರು ದಿನ ಗೊತ್ತು ಮಾಡಿದರು. ಆದರೆ ಇಂದುಮತಿಯವರದ್ದು ಒಂದು ಪದ್ಧತಿ. ಕೊನೆಯ ನಕ್ಷೆ ಬರೆಯುವ ಮೊದಲು ಮಾದರಿಯನ್ನು ಆ ಬೀದಿಗೇ ಒಯ್ದು ಜನಕ್ಕೆ ತೋರಿಸಬೇಕು.

"ಬೀದಿಯೋರನ್ನ ಕೇಳಿ ಯಾರಾದ್ರೂ ಮನೆ ಕಟ್ತಾರೇನಮ್ಮ?" ಎಂದರು ಸಾಹುಕಾರರು.

"ಅವರ ಮಧ್ಯೆ ತಾನೆ ನಿಲ್ಲೋದು. ಒಂದು ಮಾತು ಹೇಳಿ ನಿಂತ್ಕೊಳ್ಳೋಣ" ಎಂದರು ಇಂದುಮತಿ.

ಹೀಗೆ ನಾನು ಹುಟ್ಟಿದ ಗಲ್ಲಿಗೆ ಆಚಾರರ ತಲೆಯ ಮೇಲೆ ಕೂತು ಮೆರವಣಿಗೆ ಬಂದೆ. ಜನ ಮುತ್ತಿಕೊಂಡರು. "ಇದು ನಮ್ಮನೆ!" "ನಮ್ಮ ಮೆಟ್ಲು ನೋಡೇ!" ಎಂದು ಒಬ್ಬರ ಮೇಲೊಬ್ಬರು ಬಿದ್ದು ನೋಡಿದರು. ಅವರನ್ನೆಲ್ಲ ಸರಿಸಿಕೊಂಡು ಮುಂದೆ ಬಂದವರು ಮುನಿಲಕ್ಷ್ಮಮ್ಮ. ಎದುರು ಸಾಲಿನ ನಡುವಿನ ಮನೆಯವರು. ಅವರ ಸೀರೆಯ ಅಂಚನ್ನು ನಾನು ಎಷ್ಟೋ ವರ್ಷ ನೋಡಿದ್ದೆ, ಮುಖ ನೋಡಿದ್ದು ಅವತ್ತೇ. ಅಗಲ ಮುಖ, ಹಣೆಯ ತುಂಬ ಕುಂಕುಮ, ಮೊಣಕೈವರೆಗೆ ಉದ್ದಿನ ಹಿಟ್ಟು. ಗಂಡ ತೀರಿಕೊಂಡ ಅಕ್ಕ, ತಂಗಿಯರು, ಪಕ್ಕದ ಮನೆಯ ಹೆಂಗಸರು, ಒಟ್ಟು ಹನ್ನೊಂದು ಜನ ಸೇರಿ ಆ ಮಾಳಿಗೆಗಳ ಮೇಲೆ ಹಪ್ಪಳ ಒತ್ತಿ ಒಣಗಿಸುತ್ತಿದ್ದರು. ಮಳೆಗಾಲದಲ್ಲಿ ಕೆಲಸವಿಲ್ಲ. ಚಳಿಗಾಲದ ಬಿಸಿಲು, ಬೇಸಿಗೆಯ ಬಿಸಿಲು, ಅದೇ ಅವರ ವರ್ಷದ ಅನ್ನ.

"ಕೆಳಗೆ ಏನ್ ಕಾಣ್ತದೆ ಈ ಗುಂಪಲ್ಲಿ? ಮಾಳಿಗೆ ಮೇಲಕ್ಕೆ ತನ್ನಿ" ಎಂದು ಅವರು ನಮ್ಮನ್ನು ಮೇಲೆ ಕರೆದೊಯ್ದರು.

ಮಾಳಿಗೆಯ ಮೇಲೆ ಹಳೆಯ ಪಂಚೆಗಳು, ಅವುಗಳ ಮೇಲೆ ಚಂದ್ರನಂಥ ಹಪ್ಪಳಗಳು ಸಾಲುಸಾಲು. ಮೂಲೆ ಹಾರದಂತೆ ಕಲ್ಲು. ಇಂದುಮತಿ ನನ್ನನ್ನು ಅವುಗಳ ನಡುವೆ ಇಟ್ಟು, ದಿಕ್ಸೂಚಿ ನೋಡಿ, ಬಾಣವನ್ನು ಉತ್ತರಕ್ಕೆ ತಿರುಗಿಸಿದರು. ಮುನಿಲಕ್ಷ್ಮಮ್ಮ ಸೊಂಟದ ಮೇಲೆ ಕೈಯಿಟ್ಟು ನೋಡಿದರು. ಗೋಪುರ ನೋಡಿದರು. ತಲೆಯೆತ್ತಿ ಗಲ್ಲಿಯ ತುದಿ ನೋಡಿದರು.

"ಅಲ್ಲ ಕಣಮ್ಮ, ನಮ್ಮ ಹನುಮಪ್ಪ ಆ ಕೊನೇಲಿ ಅವ್ನೆ. ನೀವು ಈ ಕೊನೇಲಿ ಇಟ್ಟಿದ್ದೀರಲ್ಲ!"

"ಗುಡಿ ಪೂರ್ವಕ್ಕಲ್ವೇನಮ್ಮ ಮುಖ?" ಎಂದರು ಆಚಾರರು. ಧ್ವನಿ ಆಗಲೇ ಸ್ವಲ್ಪ ಇಳಿದಿತ್ತು.

"ನಮ್ಮ ಹನುಮಪ್ಪನ್ದು ಪಶ್ಚಿಮಕ್ಕೆ. ಗಲ್ಲಿ ಜನ ಬರೋದನ್ನ ನೋಡ್ಲಿ ಅಂತ ದೊಡ್ಡೋರು ಹಂಗೇ ನಿಲ್ಸಿದ್ರಂತೆ. ನಿಮ್ಗೆ ಗೊತ್ತಿಲ್ವಾ?"

ಹೇಳುತ್ತ ಹೇಳುತ್ತಲೇ ಅವರು ಬಗ್ಗಿ, ಹಿಟ್ಟಿನ ಕೈಯಲ್ಲಿ ಹಲಗೆಯನ್ನು ಹಿಡಿದು ಅರ್ಧ ಸುತ್ತು ತಿರುಗಿಸಿದರು. ನನ್ನ ನೆರಳು ಗೋಡೌನುಗಳಿಂದ ಎದ್ದು ಬಂದು, ಗಲ್ಲಿಯನ್ನು ದಾಟಿ, ಎದುರು ಸಾಲಿನ ಮನೆಗಳ ಮೇಲೆ ಕವುಚಿಕೊಂಡಿತು. ನಡುವಿನ ಆ ಪುಟ್ಟ ಮಾಳಿಗೆ ಪೂರ್ತಿ ಕಪ್ಪಾಯಿತು. ನಾವು ನಿಂತಿದ್ದೆವಲ್ಲ, ಆ ಮಾಳಿಗೆಯೇ.

ಇಂದುಮತಿ ಗಡಿಯಾರ ಬಿಚ್ಚಿ ಪಕ್ಕದಲ್ಲಿಟ್ಟುಕೊಂಡು ಅಲ್ಲೇ ಕೂತರು. ಒಂದು ಗಂಟೆ ಕಳೆಯಿತು. ನೆರಳು ಆ ಮಾಳಿಗೆಯನ್ನು ಬಿಟ್ಟು ಕದಲಲಿಲ್ಲ. ಗಲ್ಲಿಗೆ ಅಷ್ಟು ಹತ್ತಿರ, ಅಷ್ಟು ಅಗಲಕ್ಕೆ ನಾನು ಅಡ್ಡ ನಿಂತರೆ, ಚಳಿಗಾಲದಲ್ಲಿ ಹತ್ತು ಗಂಟೆಯಿಂದ ಎರಡು ಗಂಟೆಯವರೆಗೆ ಆ ಮಾಳಿಗೆಗೆ ಬಿಸಿಲಿಲ್ಲ ಎಂದು ಇಂದುಮತಿ ಲೆಕ್ಕ ಹಾಕಿ ಹೇಳಿದರು. ಹಪ್ಪಳಕ್ಕೆ ಬೇಕಾದದ್ದು ಸರಿಯಾಗಿ ಆ ಬಿಸಿಲೇ.

"ಅಷ್ಟೊತ್ತೂ ಹಿಂಗೇನಾ?" ಎಂದು ಕೇಳಿದರು ಮುನಿಲಕ್ಷ್ಮಮ್ಮ. ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೂ ಎದುರು ಮಾತು ಹೊಳೆಯುತ್ತಿತ್ತು. ಅವರು ಸುಮ್ಮನೆ ಕೂತು, ಆ ಪುಟ್ಟ ಮಾಳಿಗೆಯ ಮೇಲೆ ಬಿದ್ದ ನೆರಳನ್ನು ಬೆರಳಿನಿಂದ ಒರೆಸಿ ನೋಡಿದರು. ಹಿಟ್ಟಿನ ಗುರುತು ಉಳಿಯಿತು. ನೆರಳು ಹಾಗೇ ಇತ್ತು. ನನ್ನ ಬಗ್ಗೆ ನನಗೆ ಅಸಹ್ಯವಾದದ್ದು ಅವತ್ತು ಮೊದಲನೇ ಸಲ.

ಆಚಾರರು ಮೆಟ್ಟಿಲ ಮೇಲೆ ಕೂತು ತಲೆ ಬಗ್ಗಿಸಿಕೊಂಡರು. ನಾಲ್ಕು ತಲೆಮಾರಿನ ಹೆಮ್ಮೆ ಒಂದು ಗಳಿಗೆಯಲ್ಲಿ ನೆಲಕ್ಕಿಳಿದಿತ್ತು. "ನಂದೇ ತಪ್ಪಮ್ಮಾವ್ರೇ" ಎಂದರು.

"ಇಲ್ಲ ಆಚಾರ್ರೇ. ದಿಕ್ಸೂಚಿ ನನ್ನ ಚೀಲದಲ್ಲೇ ಇತ್ತು. ಇಲ್ಲಿಗೆ ಬಂದು ನೋಡ್ಬೇಕಾಗಿದ್ದೋಳು ನಾನು."

ಗುದ್ದಲಿ ಪೂಜೆಗೆ ಉಳಿದಿದ್ದದ್ದು ಮೂರು ವಾರ. ಸಾಹುಕಾರರಿಗೆ ಐವತ್ತಾರು ಮನೆ ಬೇಕು, ಒಂದೂ ಕಡಿಮೆಯಾಗಕೂಡದು. ಆಗದಿದ್ದರೆ ಬೇರೆಯವರ ಕೈಲಿ ನಕ್ಷೆ ಬರೆಸುತ್ತೇನೆ ಎಂದರು. ಬೇರೆಯವರು ಬರೆದರೆ ಮಾದರಿಯನ್ನು ಯಾವ ಮಾಳಿಗೆಗೂ ಹತ್ತಿಸುವುದಿಲ್ಲ, ಅದು ಎಲ್ಲರಿಗೂ ಗೊತ್ತು. ಇಂದುಮತಿ ಕಾಗದದ ಮೇಲೆ ಬರೆದರು, ಹೊಡೆದುಹಾಕಿದರು, ಮತ್ತೆ ಬರೆದರು. ನನ್ನ ತಲೆ ಕತ್ತರಿಸಿದರೆ ಮನೆಗಳು ಸಾಲುವುದಿಲ್ಲ. ಹಿಂದಕ್ಕೆ ಸರಿಸಿದರೆ ಅಷ್ಟು ಅಗಲದ ನನಗೆ ಅಲ್ಲಿ ಜಾಗವಿಲ್ಲ. ನಾಲ್ಕು ದಿನ ಹೀಗೇ ಹೋಯಿತು.

ಐದನೇ ದಿನ ಬೆಳಿಗ್ಗೆ ಆಚಾರರು ಕಚೇರಿಗೆ ಬಂದರು. ನನ್ನನ್ನು ಕೈಗೆತ್ತಿಕೊಂಡು ಬಹಳ ಹೊತ್ತು ನೋಡಿದರು. ನಾನು ಎರಡು ಬೆರಳು ದಪ್ಪ, ನಾಲ್ಕು ಬೆರಳು ಅಗಲ ಎಂದೆನಲ್ಲ.

"ಅಮ್ಮಾವ್ರೇ, ಇವ್ನನ್ನ ಉದ್ದಕ್ಕೆ ಸೀಳಿದ್ರೆ?"

ಇಂದುಮತಿ ಪೆನ್ಸಿಲು ಕೆಳಗಿಟ್ಟರು.

"ಎರಡಾಗ್ತಾನೆ. ಒಬ್ನು ಹಿಂದ್ಗಡೆ ಗೋಡೌನಿನ ಪಕ್ಕ ನಿಂತ್ಕೊಳ್ಲಿ, ತೆಳ್ಳಗೆ. ಇನ್ನೊಬ್ನು ಗಲ್ಲಿ ಉದ್ದಕ್ಕೆ ಮಲ್ಗಲಿ. ಮಲ್ಗಿದ್ರೆ ಮೂರೇ ಅಂತಸ್ತು, ಎದುರು ಮನೆಗಳಷ್ಟೇ ಎತ್ತರ."

ಇಂದುಮತಿ ಎದ್ದು ನಿಂತರು. ಆಮೇಲೆ ಅವರೇ ಪಟಪಟ ಹೇಳತೊಡಗಿದರು. ಮಲಗಿದವನ ಕೆಳಗೆ ಅಂಗಡಿ, ಜಗಲಿ. ನಿಂತವನಿಗೆ ಗಾಡಿಗಳೆಲ್ಲ ಹಿಂದಿನ ದೊಡ್ಡ ರಸ್ತೆಯಿಂದ. "ತೆಳ್ಳಗಿದ್ರೆ ನೆರಳು ನಿಲ್ಲಲ್ಲ ಆಚಾರ್ರೇ, ಹಾದುಹೋಗುತ್ತೆ!"

ಅವರಿಗೇನೋ ಸಂಭ್ರಮ. ಸೀಳಿಸಿಕೊಳ್ಳಬೇಕಾದವನು ನಾನು. ಚಪ್ಪರದಲ್ಲಿ ಆಚಾರರು ನನ್ನನ್ನು ಮೇಜಿಗೆ ಬಿಗಿದು, ಗರಗಸ ಹಿಡಿದು, ಒಂದು ಕ್ಷಣ ತಡೆದರು. ಅಂಗೈಯಿಂದ ನನ್ನ ತಲೆ ಸವರಿದರು.

"ತಪ್ಪು ನಂದು, ಏಟು ನಿಂಗೆ. ಬೇಜಾರು ಮಾಡ್ಕೋಬೇಡ ಕಣಪ್ಪ."

ನಾನು ಬೇಜಾರು ಮಾಡಿಕೊಳ್ಳಲಿಲ್ಲ ಎಂದರೆ ಸುಳ್ಳಾಗುತ್ತದೆ. ನೋವಿಗಿಂತ ಹೆಚ್ಚಾಗಿ ನಾಚಿಕೆಯಾಯಿತು. ಆ ಅಗಲವಾದ ಎದೆ, ಆ ಠೀವಿ, ಎಲ್ಲ ಹೊಟ್ಟಾಗಿ ಕೆಳಗುದುರಿತು. ಆಮೇಲೆ ಕಣ್ಣು ಬಿಟ್ಟು ನೋಡಿದರೆ ನನ್ನ ಪಕ್ಕದಲ್ಲಿ ನನ್ನದೇ ಮೈಯ ತಮ್ಮನೊಬ್ಬ ಮಲಗಿದ್ದ. ಅವನಿಗೆ ಹಳೆಯ ಹೊಸ್ತಿಲ ಬದುಕೇ ಮತ್ತೆ ಸಿಕ್ಕಿತ್ತು. ಅವನ ಮುಖದಲ್ಲಿ ಅಂಥ ದುಃಖವೇನೂ ಕಾಣಲಿಲ್ಲ.

ಸಾಹುಕಾರರು ಬಂದು ನೋಡಿ ಹುಬ್ಬು ಗಂಟಿಕ್ಕಿದರು. "ಏನಮ್ಮ ಇದು, ನನ್ನ ಕಟ್ಟಡಾನ ಅರ್ಧ ಮಾಡಿಬಿಟ್ರಲ್ಲ!"

ಇಂದುಮತಿ ಬಾಯಿ ತೆರೆಯುವಷ್ಟರಲ್ಲಿ ಆಚಾರರು ನಮ್ಮಿಬ್ಬರನ್ನೂ ಎತ್ತಿ, ಪಕ್ಕಪಕ್ಕ ಜೋಡಿಸಿ, ಸಾಹುಕಾರರ ಕೈಗೇ ಕೊಟ್ಟರು. "ನೀವೇ ಹಿಡ್ದು ನೋಡಿ ಸಾವ್ಕಾರ್ರೇ. ಗರಗಸದ ಬಾಯಿಗೆ ಹೋದ ಹೊಟ್ಟು ಬಿಟ್ರೆ ಒಂದು ಚೂರೂ ಕಮ್ಮಿ ಆಗಿಲ್ಲ. ಅರ್ಧ ನಿಂತಿದೆ, ಅರ್ಧ ಮಲ್ಗಿದೆ. ನಿಮ್ಮ ಗಾಣದ ಮನೆ ಹೊಸ್ಲು ಇದು. ಎದುರುಮನೆ ಹೆಣ್ಣುಮಕ್ಕಳ ಅನ್ನ ಕಿತ್ಕೊಂಡ ಹೊಸ್ಲು ಅಂತ ಅನ್ನಿಸ್ಬೇಡಿ."

ಸಾಹುಕಾರರಿಗೆ ನಾನು ಯಾರೆಂದು ಅಲ್ಲಿಯವರೆಗೆ ತಿಳಿದಿರಲಿಲ್ಲ. ನನ್ನನ್ನು ಮೂಗಿನ ಹತ್ತಿರ ತಂದು ಮೂಸಿದರು. ಕಡಲೆಕಾಯಿ ಎಣ್ಣೆ. ಅವರ ತಾಯಿ ಶುಕ್ರವಾರಗಳಂದು ಅರಿಸಿನ ಹಚ್ಚುತ್ತಿದ್ದದ್ದು ನನಗೇ. ಹೆಬ್ಬೆರಳಿನಿಂದ ನನ್ನ ಅಂಚನ್ನು ಸವರಿದರು. ಆಮೇಲೆ, "ಐವತ್ತಾರು ಮನೆ ಬರ್ತದೆ ತಾನೆ?" ಎಂದರು. "ಬರ್ತದೆ" ಎಂದರು ಇಂದುಮತಿ. ಗುದ್ದಲಿ ಪೂಜೆ ಹೇಳಿದ ದಿನವೇ ಆಯಿತು.

ಕಟ್ಟಡ ಏಳಲು ಮೂರು ವರ್ಷ. ನಾವು ಅಣ್ಣತಮ್ಮಂದಿರು ಗಾಜಿನ ಪೆಟ್ಟಿಗೆಯೊಳಗೆ ಸಾಹುಕಾರರ ಕಚೇರಿಯ ಬಾಗಿಲ ಬಳಿ ಕೂತೆವು. ಬಂದವರೆಲ್ಲ ನೋಡಿದರು, ಹೊಗಳಿದರು. ವರ್ಷಗಳು ಉರುಳಿದವು. ಸಾಹುಕಾರರು ಹೋದರು. ಕಚೇರಿಗೆ ಹೊಸ ಬಣ್ಣ ಬಂತು, ಹೊಸ ಕುರ್ಚಿಗಳು ಬಂದವು, ನಾವು ಮೆಟ್ಟಿಲ ಕೆಳಗಿನ ಕತ್ತಲೆಗೆ ಹೋದೆವು. ಅಲ್ಲಿ ಗೆದ್ದಲು ಮೊದಲು ಹಲಗೆಯನ್ನು ತಿಂದಿತು, ಆಮೇಲೆ ಬೆಂಕಿಪೊಟ್ಟಣದ ಮನೆಗಳನ್ನು. ಹಲಗೆಗೆ ಅಂಟಿಕೊಂಡಿದ್ದ ತಮ್ಮನ ಬೆನ್ನು ತೇವಕ್ಕೆ ಕೊಳೆತುಹೋಯಿತು. ಅವನನ್ನು ನೆನೆದರೆ ಈಗಲೂ ನನಗೆ ಸಂಕಟವಾಗುತ್ತದೆ. ಗಲ್ಲಿಯನ್ನೆಲ್ಲ ಸಂಭಾಳಿಸಿದವನು ಅವನೇ, ಹೆಸರು ಬಂದದ್ದು ನಿಂತಿದ್ದ ನನಗೆ.

ನನ್ನನ್ನು ಆ ಕತ್ತಲೆಯಿಂದ ಬಿಡಿಸಿದವರು ಆಚಾರರೇ. ಹಳೆಯ ಸಾಮಾನು ಹೊರಗೆ ಹಾಕುತ್ತಿದ್ದಾರೆಂದು ಯಾರೋ ಹೇಳಿದ್ದಕ್ಕೆ, ಕೋಲೂರಿಕೊಂಡು ಬಂದು ನನ್ನನ್ನು ಟವಲಿನಲ್ಲಿ ಸುತ್ತಿಕೊಂಡರು. ಮೀಸೆ ಪೂರ್ತಿ ಬೆಳ್ಳಗಾಗಿತ್ತು. ಮನೆಗೆ ಒಯ್ಯಲಿಲ್ಲ. ನೇರವಾಗಿ ಗಾಣದ ಗಲ್ಲಿಗೆ ನಡೆದರು.

ಅಲ್ಲಿ ನನಗೆ ಒಂದು ಸಂಗತಿ ತಿಳಿಯಿತು. ಕಟ್ಟಡ ಎದ್ದ ವರ್ಷದಿಂದ, ಪ್ರತಿ ಡಿಸೆಂಬರಿನಲ್ಲಿ ಹಗಲು ತೀರಾ ಚಿಕ್ಕದಾಗುವ ದಿನ, ಆಚಾರರೂ ಇಂದುಮತಿಯವರೂ ಮುನಿಲಕ್ಷ್ಮಮ್ಮನವರ ಮಾಳಿಗೆ ಹತ್ತಿ, ಗಡಿಯಾರ ಮುಂದಿಟ್ಟುಕೊಂಡು ಕೂರುತ್ತಿದ್ದರಂತೆ. ನೆರಳು ಬರುವುದನ್ನೂ ಹೋಗುವುದನ್ನೂ ನೋಡಿ, ಹಪ್ಪಳ ತಿಂದು, ಕಾಫಿ ಕುಡಿದು ಇಳಿಯುತ್ತಿದ್ದರಂತೆ. ಅವತ್ತೂ ಅದೇ ದಿನ. ಇಂದುಮತಿ ಆಗಲೇ ಬಂದು ಕೂತಿದ್ದರು. ಅದೇ ಬಟ್ಟೆ ಚೀಲ, ತಲೆಯಲ್ಲಿ ನೆರೆ.

"ತಗೊಳ್ಳಿ ಲಕ್ಷ್ಮಮ್ನೋರೇ" ಎಂದು ಆಚಾರರು ಟವಲು ಬಿಚ್ಚಿದರು. "ನನ್ನ ಕಾಲು ಇನ್ನು ಈ ಮೆಟ್ಲು ಹತ್ತೋ ಹಂಗಿಲ್ಲ. ಬರೋ ವರ್ಷದಿಂದ ನನ್ ಬದ್ಲು ಇವ್ನು ಕೂತು ನೋಡ್ಲಿ."

ಮುನಿಲಕ್ಷ್ಮಮ್ಮ ನನ್ನನ್ನು ತಿರುಗಿಸಿ ನೋಡಿ, ಪಂಚೆಯ ಮೂಲೆಯ ಮೇಲಿದ್ದ ಕಲ್ಲನ್ನು ತೆಗೆದು, ಅಲ್ಲಿ ನನ್ನನ್ನು ಇಟ್ಟರು. "ಇರ್ಲಿ ಬಿಡಿ. ಬಟ್ಟೆ ಹಾರ್ದಂಗೆ ಹಿಡ್ಕೊಂಡಿರ್ಲಿ. ಒಂದ್ ಕೆಲ್ಸನೂ ಆದಂಗಾಯ್ತು."

ಇದೇ ನನ್ನ ಕೆಲಸ. ನಗುವುದಿದ್ದರೆ ಈಗ ನಗಬಹುದು. ಹದಿನಾಲ್ಕು ಅಂತಸ್ತಿನ ಕಟ್ಟಡ ಹಪ್ಪಳದ ಬಟ್ಟೆಯನ್ನು ಗಾಳಿಗೆ ಹಾರದಂತೆ ಹಿಡಿದಿದೆ.

ಆಚಾರರು ಮರುವರ್ಷ ಬರಲಿಲ್ಲ. ಅದರ ಮರುವರ್ಷವೂ. ಮುನಿಲಕ್ಷ್ಮಮ್ಮನವರ ಜಾಗದಲ್ಲಿ ಈಗ ಅವರ ಸೊಸೆ ಹಿಟ್ಟು ನಾದುತ್ತಾಳೆ. ಪೇಟೆಯಲ್ಲಿ ಅಲ್ಲಲ್ಲಿ ಇನ್ನೂ ಎತ್ತರದ ಕಟ್ಟಡಗಳು ಎದ್ದಿವೆ. ಅವುಗಳ ಮಾದರಿಗಳು ಯಾವ ಮಾಳಿಗೆಯನ್ನು ಹತ್ತಿದ್ದವೋ ನನಗೆ ಗೊತ್ತಿಲ್ಲ. ಇಂದುಮತಿ ಮಾತ್ರ ಈ ಡಿಸೆಂಬರಿನಲ್ಲೂ ಕೈಗಂಬಿ ಹಿಡಿದುಕೊಂಡು ಹತ್ತಿ ಬಂದರು. ಗಡಿಯಾರ ಬಿಚ್ಚಿ ನನ್ನ ಪಕ್ಕದಲ್ಲಿಟ್ಟರು.

ಹನ್ನೊಂದು ಮುಕ್ಕಾಲಿಗೆ ಅದು ಬಂತು. ಎದುರಿಗೆ ಗೋಡೌನುಗಳ ಬದಿಯಲ್ಲಿ ತೆಳ್ಳಗೆ ನಿಂತಿರುವ ಆ ದೊಡ್ಡ ನಾನು ತನ್ನ ನೆರಳನ್ನು ಗಲ್ಲಿಯುದ್ದಕ್ಕೆ ಮಲಗಿರುವ ದೊಡ್ಡ ತಮ್ಮನ ಬೆನ್ನ ಮೇಲಿಂದ, ಗಲ್ಲಿಯ ಮೇಲಿಂದ ಚಾಚಿ, ಪಂಚೆಯ ಅಂಚಿಗಿಟ್ಟಿತು. ಒಂದೊಂದೇ ಹಪ್ಪಳ ಮಸುಕಾಯಿತು. ಕೊನೆಗೆ ನನ್ನ ಮೇಲೂ ಬಂತು. ತಣ್ಣಗಿತ್ತು. ಸೊಸೆ ತಲೆಯೆತ್ತಿ ನೋಡಲೂ ಇಲ್ಲ. ಆ ಹೊತ್ತನ್ನು ಅವಳು ಕಾಫಿಗೆಂದು ಎತ್ತಿಟ್ಟಿದ್ದಾಳೆ.

ನಾನು ಬಟ್ಟೆಯ ಮೂಲೆಯನ್ನು ಬಿಗಿಯಾಗಿ ಹಿಡಿದುಕೊಂಡು ಕಾದೆ. ಆಚಾರರ ಅಂಗೈ ತಲೆ ಸವರಿದ ಹಾಗಾಯಿತು. ಮುಕ್ಕಾಲು ಗಂಟೆಯಲ್ಲಿ ನೆರಳು ಸರಿದುಹೋಯಿತು, ಹಪ್ಪಳಗಳ ಮೇಲೆ ಬಿಸಿಲು ಬಂತು, ಇಂದುಮತಿ ಗಡಿಯಾರ ಕಟ್ಟಿಕೊಂಡು ನನ್ನ ಕಡೆ ನೋಡಿ "ಸರಿಯಾಗಿದೆ ಆಚಾರ್ರೇ" ಎಂದರು.